ಬಲಕ್ಕೆ ಏರುವ ಬಳ್ಳಿ

ನೀಡಲ್‌ಪಾಯಿಂಟ್ ಕಸೂತಿಗೆ ಆಧಾರ ಟೆಂಟ್ ಹೊಲಿಗೆ. ಜಾಲರಿಯಂಥ ಕ್ಯಾನ್ವಾಸಿನಲ್ಲಿ ಅಡ್ಡ ಎಳೆಯನ್ನು ಉದ್ದ ಎಳೆ ದಾಟುವ ಕಡೆ, ಎಡಕ್ಕೆ ಕೆಳಗಿರುವ ತೂತಿನಿಂದ ಬಲಕ್ಕೆ ಮೇಲಿರುವ ತೂತಿಗೆ ಒಂದು ಪುಟ್ಟ ಓರೆ ಗೀಟು. ಅಂಥ ಸಾವಿರಾರು ಗೀಟುಗಳು ಸೇರಿ ಒಂದು ಚಿತ್ರ. ಎಲ್ಲವೂ ಒಂದೇ ಕಡೆಗೆ ವಾಲಿರಬೇಕು. ಈ ವಾಲಿಕೆಯನ್ನು ಮೊದಲ ಕೆಲವು ವರ್ಷ ನಾನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಬುದ್ಧಿ ಕಲಿಸಿದ್ದು ಒಂದು ಮಾರ್ನಿಂಗ್ ಗ್ಲೋರಿ ಬಳ್ಳಿ.

ಕೋಲಿಗೆ ಸುತ್ತಿಕೊಂಡು ಏರುವ ಬಳ್ಳಿ, ಮೇಲೆ ನಾಲ್ಕಾರು ನೀಲಿ ಹೂಗಳು: ವಿನ್ಯಾಸ ಇಷ್ಟೇ. ಹೂವನ್ನು ಬೆಳಗ್ಗೆಯೇ ಹೋಗಿ ಟ್ರೇಸಿಂಗ್ ಕಾಗದದ ಮೇಲೆ ಬರೆದುಕೊಂಡಿದ್ದೆ, ಬಿಸಿಲೇರಿದರೆ ಅದು ಮುದುಡಿಬಿಡುತ್ತದೆ. ಇಂಚಿಗೆ 13 ತೂತುಗಳ ಕ್ಯಾನ್ವಾಸಿನ ಕೆಳಗೆ ಆ ಕಾಗದವನ್ನಿಟ್ಟು ಗೆರೆಗಳನ್ನು ಎತ್ತಿಕೊಂಡೆ, ಬಣ್ಣ ಹಚ್ಚಿದೆ, ಹೊಲಿಯಲು ಕುಳಿತೆ. ಹೂ ಚೆನ್ನಾಗಿ ಬಂತು. ಎಲೆಯೂ ಬಂತು. ಬಳ್ಳಿ ಮಾತ್ರ ಬರಲಿಲ್ಲ. ಒಂದೇ ಹೊಲಿಗೆಯ ಅಗಲದ ಆ ಕಡು ಹಸಿರು ಗೆರೆ ತುಂಡು ತುಂಡಾಗಿ, ಏಣಿಯ ಮೆಟ್ಟಿಲುಗಳನ್ನು ಕಿತ್ತು ಸಾಲಾಗಿ ಇಟ್ಟಂತೆ ಕಾಣುತ್ತಿತ್ತು. ದಾರ ತೆಳುವಾಯಿತೆಂದು ದಪ್ಪ ದಾರ ತಂದೆ. ಬಿಗಿ ಹೆಚ್ಚಾಯಿತೆಂದು ಸಡಿಲವಾಗಿ ಹೊಲಿದೆ. ಮೂರು ಸಲ ಬಿಚ್ಚಿದೆ. ಉಣ್ಣೆ ದಾರ ಬಿಚ್ಚಿದಷ್ಟೂ ಜುಂಗು ಏಳುತ್ತದೆ, ಮತ್ತೆ ಬಳಸಲು ಬರುವುದಿಲ್ಲ.

ಕೊನೆಗೆ ಬೇಸರವಾಗಿ ಗಿಡದ ಮುಂದೆಯೇ ಹೋಗಿ ನಿಂತೆ. ನಿಜವಾದ ಬಳ್ಳಿ ಕೋಲಿನ ಎದುರು ಭಾಗದಲ್ಲಿ ಎಡದಿಂದ ಬಲಕ್ಕೆ ಏರುತ್ತಿತ್ತು. ನನ್ನದು ಬಲದಿಂದ ಎಡಕ್ಕೆ. ಟ್ರೇಸಿಂಗ್ ಕಾಗದವನ್ನು ಮಗುಚಿ ಇಟ್ಟಿದ್ದೆ! ಹೂ ನಾಲ್ಕೂ ದಿಕ್ಕಿಗೆ ಒಂದೇ ಥರ, ಹೃದಯದಾಕಾರದ ಎಲೆ ಎಡಬಲ ಸಮ, ಹಾಗಾಗಿ ತಪ್ಪು ಕಣ್ಣಿಗೆ ಬಿದ್ದಿರಲಿಲ್ಲ. ಟೆಂಟ್ ಹೊಲಿಗೆಯ ಗೀಟು ಬಲಕ್ಕೆ ಏರುವುದರಿಂದ, ಬಲಕ್ಕೆ ಏರುವ ಗೆರೆಯಲ್ಲಿ ಒಂದು ಹೊಲಿಗೆ ಮುಗಿದ ತೂತಿನಲ್ಲೇ ಮುಂದಿನದು ಶುರುವಾಗುತ್ತದೆ, ಗೆರೆ ಅಖಂಡ. ಎಡಕ್ಕೆ ಏರುವ ಗೆರೆಯಲ್ಲಿ ಹೊಲಿಗೆಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ, ಮುಟ್ಟುವುದೇ ಇಲ್ಲ. ಗಿಡ ಹೇಗಿದೆಯೋ ಹಾಗೆಯೇ ಬರೆದಿದ್ದರೆ ಹೊಲಿಗೆ ತಾನಾಗಿ ಕೂಡಿಕೊಳ್ಳುತ್ತಿತ್ತು. ಮಾರ್ನಿಂಗ್ ಗ್ಲೋರಿ ಯಾವ ಕೋಲು ಕೊಟ್ಟರೂ ಇದೇ ದಿಕ್ಕಿಗೆ ಸುತ್ತುತ್ತದೆ, ಸುತ್ತಿ ಏರುವ ಬಳ್ಳಿಗಳಲ್ಲಿ ಹೆಚ್ಚಿನವೂ ಹಾಗೆಯೇ ಎಂಬುದು ಆಮೇಲೆ ತಿಳಿಯಿತು.

ಅಲ್ಲಿಂದ ನನ್ನ ನೋಟ್‌ಪುಸ್ತಕ ಬದಲಾಯಿತು. ಮೊದಲು ಅದರಲ್ಲಿ ಚಂದದ ಹೂಗಳಿದ್ದವು. ಈಗ ಬಾಣದ ಗುರುತುಗಳೇ ಜಾಸ್ತಿ: ಕಾಂಡ ಯಾವ ಕಡೆ ವಾಲಿದೆ, ನರಗಳು ನಡುದಿಂಡಿನಿಂದ ಎಷ್ಟು ಓರೆಯಾಗಿ ಹೊರಡುತ್ತವೆ, ಬಸವನಹುಳುವಿನ ಚಿಪ್ಪು ಎತ್ತ ಸುರುಳಿ. ಎಲೆಯ ಎಡಭಾಗದ ನರಗಳಿಗೆ ಹೊಲಿಗೆ ಸಹಕರಿಸದು. ಅಲ್ಲಿ ನರವನ್ನು ಗೆರೆಯಾಗಿ ಎಳೆಯುವ ಹಟ ಬಿಟ್ಟು, ನರದ ಎರಡೂ ಬದಿಯ ಹಸಿರನ್ನು ತುಸು ಬೇರೆ ಮಾಡುತ್ತೇನೆ. ಕಣ್ಣು ಗೆರೆಯನ್ನು ತಾನೇ ಹಾಕಿಕೊಳ್ಳುತ್ತದೆ.

ಹಸಿರಿನ ವಿಷಯ ಬಂದರೆ ನಾನು ಸ್ವಲ್ಪ ಕಿರಿಕಿರಿಯವಳು. ಒಂದು ಎಲೆಗೆ ಕಡಿಮೆಯೆಂದರೆ ನಾಲ್ಕು ಹಸಿರು ಬೇಕು, ಅದರಲ್ಲಿ ಒಂದು ಬೂದಿಯ ಕಡೆಗೆ, ಒಂದು ಹಳದಿಯ ಕಡೆಗೆ. ದಾರದ ತುಣುಕುಗಳನ್ನು ಹೊರಗೆ ಒಯ್ದು ಎಲೆಯ ಮೇಲೆಯೇ ಇಟ್ಟು ನೋಡುತ್ತೇನೆ. ದೀಪದ ಕೆಳಗೆ ಒಂದೇ ಎನಿಸಿದ ಎರಡು ಹಸಿರುಗಳು ಹಗಲಿನಲ್ಲಿ ಬೇರೆಯಾಗಿಬಿಡುವುದುಂಟು. ಮುಸ್ಸಂಜೆಯಲ್ಲಂತೂ ಬಣ್ಣ ಆರಿಸಲೇಬಾರದು; ಕತ್ತಲಾಗುತ್ತ ಬಂದಂತೆ ಕೆಂಪು ಮೊದಲು ಕಪ್ಪಾಗುತ್ತದೆ, ಹಸಿರು ಇನ್ನೂ ಬೆಳ್ಳಗೆ ಕಾಣುತ್ತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಮಿಂಚುಳ್ಳಿಯ ಬೆನ್ನು. ಸಿಕ್ಕ ನೀಲಿಗಳನ್ನೆಲ್ಲ ಪ್ರಯತ್ನಿಸಿದೆ; ಒಂದೊಂದೂ ಬಣ್ಣ ಬಳಿದ ಗೋಡೆಯಂತೆ ಸತ್ತು ಬಿದ್ದಿತ್ತು. ಆ ಹಕ್ಕಿಯ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿಯನ್ನು ಹುಟ್ಟಿಸುತ್ತದೆ. ಎದೆಯ ಕಿತ್ತಳೆ ಮಾತ್ರ ನಿಜವಾದ ವರ್ಣದ್ರವ್ಯ. ಇದನ್ನು ಓದಿದ ಮೇಲೆ ಎದೆಯನ್ನು ಉಣ್ಣೆಯಲ್ಲೂ ಬೆನ್ನನ್ನು ರೇಷ್ಮೆಯಲ್ಲೂ ಹೊಲಿದೆ. ರೇಷ್ಮೆಯ ಎಳೆ ಅಡ್ಡಸೀಳಿನಲ್ಲಿ ಹೆಚ್ಚುಕಡಿಮೆ ತ್ರಿಕೋನ, ಅದಕ್ಕೇ ಅದರ ಹೊಳಪು. ಎಳೆಗಳನ್ನು ಬಿಡಿಸಿ, ತಿರುಚಿಕೊಳ್ಳದಂತೆ ಒಂದರ ಪಕ್ಕ ಒಂದು ಮಲಗಿಸಿದರೆ ನೋಡುವವರು ತಲೆ ಅಲ್ಲಾಡಿಸಿದಾಗ ನೀಲಿಯೂ ಅಲ್ಲಾಡುತ್ತದೆ. ಆ ಹಕ್ಕಿಗಾಗಿ ಇಂಚಿಗೆ 18 ತೂತುಗಳ ಕ್ಯಾನ್ವಾಸಿಗೆ ಹೋದೆ. ಚದರ ಇಂಚಿಗೆ 169 ಇದ್ದ ಹೊಲಿಗೆ 324 ಆಯಿತು. ಸುಮಾರು ಎರಡು ಪಟ್ಟು ಕೆಲಸ. ಆದರೆ ಕಣ್ಣಿಗೆ ನಾಲ್ಕು ಹೊಲಿಗೆ ಸಿಕ್ಕವು: ಮೂರು ಕಪ್ಪು, ಒಂದು ಬಿಳಿ. ಆ ಒಂದು ಬಿಳಿ ಇಲ್ಲದಿದ್ದರೆ ಹಕ್ಕಿ ನೋಡುವುದೇ ಇಲ್ಲ.

ಹಿನ್ನೆಲೆ ತುಂಬುವಾಗ ಬ್ಯಾಸ್ಕೆಟ್‌ವೀವ್ ವಿಧಾನದಲ್ಲಿ, ಅಂದರೆ ಓರೆ ಸಾಲುಗಳಲ್ಲಿ ಹೊಲಿಯುತ್ತೇನೆ. ಅಡ್ಡ ಸಾಲುಗಳಲ್ಲಿ ಹೊಲಿದರೆ ಕ್ಯಾನ್ವಾಸ್ ಒಂದು ಮೂಲೆಗೆ ಎಳೆದುಕೊಂಡು ಸೊಟ್ಟಗಾಗುತ್ತದೆ. ಕೊನೆಗೆ ಒದ್ದೆ ಮಾಡಿ ಹಲಗೆಗೆ ಮೊಳೆ ಹೊಡೆದು ಚೌಕಕ್ಕೆ ತರುವ ಕೆಲಸ ದುಪ್ಪಟ್ಟು.

ಈಗ ಚೌಕಟ್ಟಿನ ಮೇಲಿರುವುದು ಹನಿಸಕಲ್. ಅದು ಎಡಕ್ಕೆ ಏರುವ ಬಳ್ಳಿ. ಕಾಗದ ಮಗುಚಿದರೆ ಹೊಲಿಗೆಗೆ ಸುಲಭ, ಗಿಡಕ್ಕೆ ಸುಳ್ಳು. ಕ್ಯಾನ್ವಾಸನ್ನು ಪಕ್ಕಕ್ಕೆ ತಿರುಗಿಸಿಕೊಂಡು ಹೊಲಿದರೆ ಎಲ್ಲ ಗೀಟುಗಳೂ ಎಡಕ್ಕೆ ವಾಲುತ್ತವೆ, ಬಳ್ಳಿ ಅಖಂಡವಾಗಿ ಬರುತ್ತದೆ. ನನ್ನ ಕೈಯಲ್ಲಿ ಅದು ಸರಿಹೋದೀತು. ಆದರೆ ಈ ವಿನ್ಯಾಸವನ್ನು ಕೊಂಡು ಹೊಲಿಯುವವರು ಅಭ್ಯಾಸಬಲದಿಂದ ಬಲಕ್ಕೇ ಹೊಲಿಯುತ್ತಾರಲ್ಲ. ಅದಕ್ಕೇ ಕ್ಯಾನ್ವಾಸಿನ ಅಂಚಿನಲ್ಲಿ, ಬಣ್ಣ ಹಚ್ಚುವ ಮೊದಲೇ, ಒಂದು ದೊಡ್ಡ ಬಾಣ ಬರೆದು ‘ಈ ಕಡೆ ಮೇಲಿಟ್ಟು ಹೊಲಿಯಿರಿ’ ಎಂದು ಸೇರಿಸಿದ್ದೇನೆ.