ಉದಯಪುರವನ್ನು ಇಬ್ಬರೇ ನಡೆದು ನೋಡುವುದು ಹೇಗೆ: ಬೆಳಿಗ್ಗೆ ಈ ದಡ, ಸಂಜೆ ಆ ದಡ

ರಾಜಸ್ಥಾನದ ಉದಯಪುರದಲ್ಲಿ ಇಳಿದ ಕೂಡಲೇ ಯಾರಾದರೂ ಒಬ್ಬರು ಬಂದು ಊರಿನ ‘ಪಾಯಿಂಟ್’ಗಳ ಪಟ್ಟಿ ಒಪ್ಪಿಸುತ್ತಾರೆ. ಒಂದು ದಿನ, ಒಂದು ಆಟೊ, ಎಂಟೋ ಹತ್ತೋ ಜಾಗ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಅದೇ ಸರಿ. ಆದರೆ ಗಂಡ ಹೆಂಡತಿ ಇಬ್ಬರೇ ಹೋಗಿದ್ದು, ಮಂಡಿ ಗಟ್ಟಿಯಿದ್ದರೆ ಆ ಪಟ್ಟಿಗೆ ಕೈಮುಗಿದುಬಿಡಿ. ಪಿಚೋಲಾ ಕೆರೆಯ ಸುತ್ತಲಿನ ಹಳೇ ಊರು ಇರುವುದೇ ಅಷ್ಟು. ಇಡೀ ದಿನ ಓಡಾಡಿದರೂ ಐದಾರು ಕಿಲೋಮೀಟರಿಗಿಂತ ಜಾಸ್ತಿ ನಡಿಗೆ ಆಗುವುದಿಲ್ಲ.

ನೆನಪಿಡಬೇಕಾದ್ದು ಒಂದೇ: ಬಿಸಿಲು ಎಲ್ಲಿಂದ ಬೀಳುತ್ತದೆ ಅನ್ನುವುದು. ಅರಮನೆ, ಜಗದೀಶ ಮಂದಿರ, ಗಂಗೌರ್ ಘಾಟ್ (ಘಾಟ್ ಅಂದರೆ ಸ್ನಾನಘಟ್ಟ) ಎಲ್ಲಾ ಕೆರೆಯ ಪೂರ್ವ ದಡದಲ್ಲಿವೆ. ಬೆಳಿಗ್ಗೆ ಈ ದಡದಲ್ಲಿ ನಿಂತರೆ ಸೂರ್ಯ ಬೆನ್ನ ಹಿಂದೆ, ನೀರು ಮತ್ತು ಎದುರಿನ ಬೆಟ್ಟಗಳ ಮೇಲೆ ಬೆಳಕು. ಅರಮನೆ ಚೆಂದ ಕಾಣಬೇಕು ಅಂದರೆ ಸಂಜೆ ಆಚೆ ದಡಕ್ಕೆ ದಾಟಿ ತಿರುಗಿ ನೋಡಬೇಕು. ಬೆಳಿಗ್ಗೆಯೇ ಆಚೆ ಹೋಗಿ ಅರಮನೆಯ ಫೋಟೊ ತೆಗೆದರೆ ಕಪ್ಪು ಗೋಡೆಯೊಂದು ಸಿಗುತ್ತದೆ, ಅಷ್ಟೇ. ಕೆಳಗಿನ ಲೆಕ್ಕವೆಲ್ಲಾ ಇದರ ಮೇಲೇ ನಿಂತಿದೆ.

ಹೊರಡುವ ಮುಂಚೆ

ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಮೇಲೆ ಹೋಗುವ ಹಮ್‌ಸಫರ್ ರೈಲು ವಾರಕ್ಕೊಮ್ಮೆ ಇದೆ. ದಾರಿ ಉದ್ದ, ಊಟ ಕಟ್ಟಿಕೊಳ್ಳಿ. ವಿಮಾನವಾದರೆ ಡಬೋಕ್‌ನಲ್ಲಿ ಇಳಿದು ಊರಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಟ್ಯಾಕ್ಸಿ. ಅಕ್ಟೋಬರಿನಿಂದ ಮಾರ್ಚಿನವರೆಗೆ ನಡೆಯುವ ಕಾಲ. ಮಳೆಗಾಲ ಕಳೆದ ಹೊಸದರಲ್ಲಿ ಹೋದರೆ ಕೆರೆ ತುಂಬಿರುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇದೇ ಪಿಚೋಲಾ ಒಣಗಿ, ನೀರಿನ ನಡುವಿನ ಅರಮನೆಗೆ ಕಾಲ್ನಡಿಗೆಯಲ್ಲೇ ಹೋಗುವ ಹಾಗಾಗಿದ್ದೂ ಉಂಟು. ಹಾಗಾಗಿ ಆ ವರ್ಷದ ಮಳೆ ಹೇಗಿತ್ತು ಅಂತ ಒಮ್ಮೆ ವಿಚಾರಿಸಿ.

ರೂಮನ್ನು ಜಗದೀಶ ಚೌಕ್, ಲಾಲ್ ಘಾಟ್, ಗಂಗೌರ್ ಘಾಟ್ ಆಸುಪಾಸಿನಲ್ಲೇ ಹಿಡಿಯಿರಿ. ಹೊಸ ಊರಿನಲ್ಲಿ ಅದೇ ದುಡ್ಡಿಗೆ ದೊಡ್ಡ ರೂಮು ಸಿಗುತ್ತದೆ, ಆದರೆ ಮಧ್ಯಾಹ್ನ ಬಂದು ಮಲಗುವುದಕ್ಕೆ ಆಗುವುದಿಲ್ಲ, ಅದೇ ಮುಖ್ಯ. ಇವೆಲ್ಲಾ ಹಳೇ ಹವೇಲಿಗಳು. ‘ಕೆರೆ ಕಾಣುತ್ತದೆ’ ಅಂದರೆ ಸಾಮಾನ್ಯವಾಗಿ ಮೂರನೇ ಮಹಡಿ, ಕಡಿದಾದ ಮೆಟ್ಟಿಲು. ಲಿಫ್ಟ್ ಇದೆಯಾ, ಆಟೊ ಬಾಗಿಲವರೆಗೆ ಬರುತ್ತದಾ, ಈ ಎರಡು ಪ್ರಶ್ನೆ ಮೊದಲೇ ಕೇಳಿ. ಇಲ್ಲದಿದ್ದರೆ ಸೂಟ್‌ಕೇಸ್ ಹೊರುವವರು ಯಾರು ಅನ್ನುವಲ್ಲಿಂದಲೇ ಪ್ರವಾಸ ಶುರುವಾಗುತ್ತದೆ. ಕಾಲಿಗೆ ಸುಲಭವಾಗಿ ಬಿಚ್ಚಿ ಹಾಕುವ, ಜಾರದ ಚಪ್ಪಲಿ ಸಾಕು.

ಮೊದಲ ಹಂತ: ಘಾಟ್

ಚಳಿಗಾಲದಲ್ಲಿ ಅಲ್ಲಿ ಏಳು ಗಂಟೆ ದಾಟಿದ ಮೇಲೇ ಸೂರ್ಯ ಹುಟ್ಟುವುದು. ನಮ್ಮೂರಿನ ಅಭ್ಯಾಸದಲ್ಲಿ ಐದೂವರೆಗೆ ಅಲಾರಂ ಇಟ್ಟು ಇನ್ನೊಬ್ಬರ ನಿದ್ದೆ ಕೆಡಿಸಬೇಡಿ. ಆರು ಮುಕ್ಕಾಲಿಗೆ ಹೊರಟರೆ ಸಾಕು.

ಗಂಗೌರ್ ಘಾಟ್‌ಗೆ ಹೋಗುವುದು ಮೂರು ಕಮಾನಿನ ಒಂದು ಬಾಗಿಲಿನ ಮೂಲಕ. ಆ ಹೊತ್ತಿಗೆ ಅಲ್ಲಿ ನೂರಾರು ಪಾರಿವಾಳ, ಸ್ನಾನ ಮಾಡುವ ಸ್ಥಳೀಯರು, ಜೊತೆಗೆ ಮದುವೆಗೆ ಮುಂಚಿನ ಫೋಟೊಶೂಟ್‌ಗೆ ಬಂದ ಜೋಡಿಗಳು. ಮೂರು ಮಾರು ಉದ್ದದ ಗೌನಿನ ಸೆರಗನ್ನು ಸಹಾಯಕ ಹುಡುಗ ಗಾಳಿಗೆ ಎಸೆದು ಓಡಿ ಮರೆಯಾಗುತ್ತಾನೆ, ಪಾರಿವಾಳ ಹಾರುತ್ತವೆ, ಫೋಟೊಗ್ರಾಫರ್ ‘ಒನ್ಸ್ ಮೋರ್’ ಅನ್ನುತ್ತಾನೆ. ಇದನ್ನು ನೋಡುವುದಕ್ಕೆ ಟಿಕೆಟ್ ಇಲ್ಲ. ಮೆಟ್ಟಿಲ ಮೇಲೆ ಕೂತು ಆರಾಮಾಗಿ ನೋಡಿ.

ಘಾಟ್‌ಗೆ ಈ ಹೆಸರು ಬಂದದ್ದು ಗಂಗೌರ್ ಹಬ್ಬದಿಂದ. ನಮ್ಮಲ್ಲಿ ಚೈತ್ರ ಗೌರಿಗೆ ಕೋಸಂಬರಿ, ಪಾನಕ ಮಾಡಿ ಅರಿಶಿನ ಕುಂಕುಮಕ್ಕೆ ಕರೆಯುವ ಮನೆಗಳಿವೆಯಲ್ಲ, ಅದೇ ಚೈತ್ರದ ತದಿಗೆಯಂದು ಅಲ್ಲಿನ ಹೆಂಗಸರು ಗೌರಿಯನ್ನು ತಲೆ ಮೇಲೆ ಹೊತ್ತು ಈ ನೀರಿಗೆ ತರುತ್ತಾರೆ. ಆಗ ಹೋಗಬಲ್ಲಿರಾದರೆ ಖಂಡಿತ ಹೋಗಿ, ರೂಮು ಮಾತ್ರ ಬೇಗ ಹಿಡಿಯಿರಿ.

ಕೂತಲ್ಲೇ ಒಂದಿಷ್ಟು ಚರಿತ್ರೆಯೂ ಆಗಲಿ. ಊರಿಗಿಂತ ಕೆರೆ ಹಳೆಯದು. 1362ರಲ್ಲಿ ದವಸ ಸಾಗಿಸುತ್ತಿದ್ದ ಒಬ್ಬ ಬಂಜಾರ ಇದನ್ನು ಕಟ್ಟಿಸಿದ ಅನ್ನುತ್ತಾರೆ. ಮೇವಾಡದ ರಾಣಾ ಎರಡನೇ ಉದಯಸಿಂಗ್ ಇಲ್ಲಿ ರಾಜಧಾನಿ ಶುರು ಮಾಡಿದ್ದು 1559ರಲ್ಲಿ. ಸುತ್ತ ಅರಾವಳಿ ಬೆಟ್ಟ, ಪಕ್ಕದಲ್ಲೇ ನೀರು. ಬಯಲಿನ ನಡುವೆ ಒಂಟಿ ಗುಡ್ಡದ ಮೇಲಿದ್ದ ಹಳೇ ರಾಜಧಾನಿ ಚಿತ್ತೋಡ್ ಕೋಟೆ 1568ರಲ್ಲಿ ಅಕ್ಬರನ ಕೈಸೇರಿದಾಗ ಈ ಜಾಗ ಆರಿಸಿದ್ದು ಎಷ್ಟು ಒಳ್ಳೆಯದಾಯಿತು ಅಂತ ಗೊತ್ತಾಯಿತು.

ಎರಡನೇ ಹಂತ: ತಿಂಡಿ, ಆಮೇಲೆ ಮಂದಿರ

ಬೆಳಗಿನ ಗಾಡಿಗಳಲ್ಲಿ ಪೋಹಾ ಸಿಗುತ್ತದೆ, ಅಂದರೆ ಅವಲಕ್ಕಿ, ಮೇಲೆ ಸೇವು. ಕಚೋರಿ, ಜಿಲೇಬಿಯೂ ಇರುತ್ತದೆ. ಒಂದೇ ಕಚೋರಿ ತೆಗೆದುಕೊಂಡು ಹಂಚಿಕೊಳ್ಳಿ. ಬರೋಬ್ಬರಿ ಎಣ್ಣೆ, ಮುಂದೆ ಮೆಟ್ಟಿಲು ಹತ್ತಬೇಕು.

ಜಗದೀಶ ಮಂದಿರಕ್ಕೆ 32 ಮೆಟ್ಟಿಲು. 1651ರಲ್ಲಿ ಮಹಾರಾಣಾ ಒಂದನೇ ಜಗತ್‌ಸಿಂಗ್ ಕಟ್ಟಿಸಿದ್ದು. ಒಳಗೆ ಕಪ್ಪು ಕಲ್ಲಿನ ವಿಷ್ಣು, ಎದುರಿಗೆ ಹಿತ್ತಾಳೆಯ ಗರುಡ. ದರ್ಶನ ಮುಗಿಸಿ ಹಾಗೇ ಇಳಿದುಬಿಡಬೇಡಿ, ಹೊರಗೆ ಗೋಡೆಯ ಬುಡದಲ್ಲಿ ಒಂದು ಸುತ್ತು ಬನ್ನಿ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆ ಸಾಲು, ಅದರ ಮೇಲೆ ಜನ. ಹಳೇಬೀಡಿನ ಪಟ್ಟಿಕೆಗಳನ್ನು ನೋಡಿ ಬೆಳೆದ ಕಣ್ಣಿಗೆ ಇದು ಕೂಡಲೇ ಹಿಡಿಸುತ್ತದೆ. ಕೆತ್ತನೆ ಅಷ್ಟು ಸೂಕ್ಷ್ಮವಲ್ಲ, ಹಾಗಂತ ಅಲ್ಲಿ ನಿಂತು ಜೋರಾಗಿ ಹೇಳಬೇಡಿ. ಮಧ್ಯಾಹ್ನ ಮಂದಿರ ಮುಚ್ಚುತ್ತಾರೆ, ಆದ್ದರಿಂದ ಬೆಳಿಗ್ಗೆಯೇ ಮುಗಿಸುವುದು ಸರಿ.

ಮೂರನೇ ಹಂತ: ಅರಮನೆ

ಮಂದಿರದಿಂದ ಅರಮನೆ ಬಾಗಿಲು ಕೂಗಳತೆ. ತೆರೆಯುವ ಹೊತ್ತಿಗೇ, ಅಂದರೆ ಒಂಬತ್ತೂವರೆ ಆಸುಪಾಸಿಗೆ, ಒಳಗಿರಿ. ಯಾಕೆ ಅಂದರೆ ಒಳಗಿನ ದಾರಿ ಒಮ್ಮುಖ. ಮೆಟ್ಟಿಲು ಒಬ್ಬರು ಹೋಗುವಷ್ಟೇ ಅಗಲ, ಬಾಗಿಲು ತಲೆ ಬಗ್ಗಿಸುವಷ್ಟು ತಗ್ಗು. ಹನ್ನೊಂದರ ಮೇಲೆ ಶಾಲಾ ಮಕ್ಕಳ ಒಂದು ತಂಡ ಮುಂದೆ, ಒಂದು ತಂಡ ಹಿಂದೆ ಸಿಕ್ಕಿದರೆ ನೋಡುವುದು ಮಕ್ಕಳ ಬ್ಯಾಗನ್ನೇ. ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಸುಮಾರು 400 ವರ್ಷ ಒಬ್ಬರಾದ ಮೇಲೆ ಒಬ್ಬರು ಕಟ್ಟುತ್ತಾ ಹೋದ ಅರಮನೆ ಇದು. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಕೊನೆಗೆ ಕತ್ತಿ, ಗುರಾಣಿ, ಪಲ್ಲಕ್ಕಿ ಎಲ್ಲಾ ಕಲಸಿಹೋಗುತ್ತದೆ. ನನ್ನ ಪ್ರಕಾರ ಎರಡು ಕಡೆ ನಿಧಾನಿಸಿ.

ಒಂದು ಬಡೀ ಮಹಲ್. ಹತ್ತಿ ಹತ್ತಿ ಸುಸ್ತಾಗಿ ಮೇಲಿನ ಮಹಡಿ ತಲುಪಿದರೆ ಅಲ್ಲಿ ದೊಡ್ಡ ದೊಡ್ಡ ಮರಗಳ ತೋಟ. ಮೂರು ನಾಲ್ಕು ಮಹಡಿ ಮೇಲೆ ಇಷ್ಟು ದಪ್ಪದ ಮರ ಹೇಗೆ ಅಂತ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. ವಿಷಯ ಇಷ್ಟೇ: ಅದು ಮಹಡಿ ಅಲ್ಲ, ಗುಡ್ಡದ ನೆತ್ತಿ. ಗುಡ್ಡವನ್ನು ಹಾಗೇ ಉಳಿಸಿಕೊಂಡು ಅದರ ಸುತ್ತ ಅರಮನೆ ಕಟ್ಟಿದ್ದಾರೆ, ಮರದ ಬೇರು ನೆಲದಲ್ಲೇ ಇದೆ. ಅಲ್ಲಿ ನೆರಳಿದೆ, ಸ್ವಲ್ಪ ಹೊತ್ತು ಕಾಲು ಚಾಚಿ. ಇನ್ನೊಂದು ಮೋರ್ ಚೌಕ್, ಬಣ್ಣದ ಗಾಜಿನ ಚೂರುಗಳಲ್ಲಿ ಮಾಡಿದ ನವಿಲುಗಳು. ಕತ್ತು ಗೋಡೆಯಿಂದ ಮುಂದಕ್ಕೆ ಉಬ್ಬಿಕೊಂಡಿದೆ. ಎದುರಿಗೆ ನಿಂತು ಫೋಟೊ ತೆಗೆದರೆ ಅದು ಕಾಣುವುದಿಲ್ಲ, ಪಕ್ಕಕ್ಕೆ ಸರಿದು ನೋಡಿ.

ಕಿಟಕಿಗಳಿಂದ ಕೆರೆ ನಡುವಿನ ಬಿಳಿ ಜಗನಿವಾಸ್ ಕಾಣುತ್ತದೆ. 1746ರಲ್ಲಿ ಮುಗಿದ ಅರಮನೆ ಅದು, 1963ರಿಂದ ಹೋಟೆಲು. ಅಲ್ಲಿ ಉಳಿಯುವವರಲ್ಲದಿದ್ದರೆ ದೂರದಿಂದಲೇ ನಮಸ್ಕಾರ.

ನಾಲ್ಕನೇ ಹಂತ: ಊಟ, ನಿದ್ದೆ

ದಾಲ್ ಬಾಟಿ ತಿನ್ನುವುದಿದ್ದರೆ ಮಧ್ಯಾಹ್ನವೇ ತಿನ್ನಿ, ರಾತ್ರಿ ಬೇಡ. ಬಾಟಿ ಅಂದರೆ ಕೆಂಡದಲ್ಲಿ ಸುಟ್ಟ ಗೋಧಿ ಉಂಡೆ, ನಮ್ಮ ಮುದ್ದೆಯ ಹಾಗೆ ನುಂಗುವುದಲ್ಲ. ಕೈಯಲ್ಲಿ ಪುಡಿ ಮಾಡಿ, ತುಪ್ಪ ಸುರಿದು, ಮೇಲೆ ದಾಲ್ ಹಾಕಿ ಕಲಸಬೇಕು. ಇಬ್ಬರಲ್ಲಿ ಒಬ್ಬರು ಇದನ್ನು ಹೇಳಿ, ಇನ್ನೊಬ್ಬರು ಗಟ್ಟೆ (ಕಡಲೆಹಿಟ್ಟಿನ ತುಂಡುಗಳು) ಪಲ್ಯ, ಕೇರ್ ಸಾಂಗ್ರಿ (ಮರುಭೂಮಿಯ ಕಾಯಿಗಳ ಪಲ್ಯ) ಇರುವ ಥಾಲಿ ಹೇಳಿ. ಆಮೇಲೆ ರೂಮಿಗೆ ಹೋಗಿ ಮಲಗಿ. ಪ್ರವಾಸಕ್ಕೆ ಬಂದು ನಿದ್ದೆನಾ ಅನ್ನಬೇಡಿ. ಜೋಡಿಗಳ ಜಗಳ ಆಗುವುದು ಮಧ್ಯಾಹ್ನ ಮೂರರ ಬಿಸಿಲಲ್ಲಿ, ಹಳೇ ಊರಿನ ಏರು ಓಣಿಯಲ್ಲಿ, ‘ರೀ, ಇನ್ನೆಷ್ಟು ದೂರ?’ ಅನ್ನುವಲ್ಲಿ.

ಐದನೇ ಹಂತ: ಬಜಾರು

ಜಗದೀಶ ಚೌಕ್‌ನಿಂದ ಘಂಟಾಘರ್, ಅಂದರೆ ಗಡಿಯಾರ ಗೋಪುರದ ಕಡೆಗೆ ಇಳಿಜಾರು. ಅಲ್ಲಿಂದ ಬಡಾ ಬಜಾರು, ಮಾಲ್‌ದಾಸ್ ಸ್ಟ್ರೀಟ್. ಫುಟ್‌ಪಾತ್ ಇಲ್ಲ, ಸ್ಕೂಟರುಗಳು ಮೈಗೆ ತಾಗಿಕೊಂಡೇ ಹೋಗುತ್ತವೆ, ಕೈಹಿಡಿದು ನಡೆಯುವ ಆಸೆ ಬಿಟ್ಟು ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಮನೆಗಳ ಬಾಗಿಲ ಎರಡೂ ಪಕ್ಕ ಆನೆ, ಕುದುರೆ ಸವಾರರ ಚಿತ್ರ ಇರುತ್ತದೆ, ಮೇಲೆ ಗಣಪತಿ. ಮನೆಯಲ್ಲಿ ಮದುವೆ ಆದಾಗ ಬರೆಸಿದ್ದು.

ಸೀರೆ, ದುಪಟ್ಟಾ ಕೊಳ್ಳುವುದಾದರೆ ಲೆಹರಿಯಾ, ಬಾಂಧೇಜ್ ನೋಡಿ. ಲೆಹರಿಯಾದಲ್ಲಿ ಬಟ್ಟೆಯನ್ನು ಓರೆಯಾಗಿ ಸುತ್ತಿ, ದಾರ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ, ಅದಕ್ಕೇ ಆ ಓರೆ ಗೀಟುಗಳು. ಬಾಂಧೇಜ್‌ನಲ್ಲಿ ಚುಕ್ಕಿ ಚುಕ್ಕಿಗೂ ಗಂಟು. ಅಸಲಿಯಲ್ಲಿ ಚುಕ್ಕಿಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ, ಗಂಟು ಬಿಚ್ಚಿದ ಕಡೆ ಬಟ್ಟೆ ಸುಕ್ಕುಸುಕ್ಕಾಗಿ ಉಬ್ಬಿರುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ. ಚುಕ್ಕಿಯೆಲ್ಲಾ ಅಚ್ಚಿನಲ್ಲಿ ಒತ್ತಿದಂತಿದ್ದು, ಹಿಂಬದಿ ಬಣ್ಣ ಮಂಕಾಗಿದ್ದರೆ ಅದು ಪ್ರಿಂಟು, ಅದಕ್ಕೆ ತಕ್ಕ ಬೆಲೆ ಕೊಡಿ.

‘ಸುಮ್ನೆ ಬಂದು ನೋಡಿ, ಇದು ಅಂಗಡಿ ಅಲ್ಲ, ಆರ್ಟ್ ಸ್ಕೂಲ್’ ಅಂತ ಕರೆದರೆ ಅದು ಅಂಗಡಿಯೇ ಅಂತ ತಿಳಿದು ಒಳಗೆ ಹೋಗಿ. ಚೌಕಾಸಿಗೆ ಇಬ್ಬರಿರುವುದು ದೊಡ್ಡ ಅನುಕೂಲ. ಒಬ್ಬರು ಇಷ್ಟಪಡಲಿ, ಇನ್ನೊಬ್ಬರು ಬಾಗಿಲ ಕಡೆ ನಡೆಯಲಿ. ಅಂಗಡಿ ಯಾರಿಗೆ ಬೇಜಾರೋ ಅವರು ಘಂಟಾಘರ್ ಹತ್ತಿರ ಚಹಾ ಕುಡಿಯುತ್ತಾ ಕೂರಬಹುದು, ಒಂದು ಗಂಟೆ ದೂರ ಇದ್ದರೆ ಏನೂ ಆಗುವುದಿಲ್ಲ ಅಲ್ವಾ.

ಆರನೇ ಹಂತ: ಆಚೆ ದಡ, ಮತ್ತೆ ಈಚೆ

ಇಲ್ಲಿ ಗಡಿಯಾರ ನೋಡಲೇಬೇಕು. ಗಂಗೌರ್ ಘಾಟ್ ಪಕ್ಕದ ಬಾಗೋರ್ ಕೀ ಹವೇಲಿಯಲ್ಲಿ ಸಂಜೆ ಏಳಕ್ಕೆ ‘ಧರೋಹರ್’ ನೃತ್ಯ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಐದು ಮುಕ್ಕಾಲರ ಸುಮಾರಿಗೆ, ಎರಡೂ ಸಿಗುತ್ತದೆ. ಏಪ್ರಿಲ್ ಮೇಲೆ ಏಳರ ಹತ್ತಿರ ಮುಳುಗುತ್ತದೆ, ಆಗ ಒಂದನ್ನು ಬಿಡಬೇಕು. ನಾನಾದರೆ ನೃತ್ಯ ಬಿಡುತ್ತೇನೆ.

ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮುಂಚೆ ಕಾಲ್ನಡಿಗೆಯವರ ದಾಯಿಜಿ ಸೇತುವೆ ದಾಟಿ ಹನುಮಾನ್ ಘಾಟ್ ಕಡೆಯಿಂದ ಅಂಬ್ರಾಯಿ ಘಾಟ್‌ಗೆ ಹೋಗಿ. ಬೆಳಿಗ್ಗೆ ನೀವು ಒಳಗೆ ಓಡಾಡಿದ ಅರಮನೆ ಈಗ ಎದುರಿಗೆ ಪೂರ್ತಿ ಉದ್ದಕ್ಕೂ, ಬಿಸಿಲು ಬಿದ್ದು ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ದೋಣಿಯೂ ಇದೆ, ಸಂಜೆ ಹೊತ್ತಿಗೆ ರೇಟು ಜಾಸ್ತಿ. ದೋಣಿಯಲ್ಲಿ ಹೋದರೆ ಅರಮನೆ ಪಕ್ಕಕ್ಕೆ ಸರಿದು ಹೋಗುತ್ತಿರುತ್ತದೆ, ಮೆಟ್ಟಿಲ ಮೇಲೆ ಕೂತರೆ ಬಣ್ಣ ಬದಲಾಗುವುದು ಕಾಣುತ್ತದೆ.

ಕೆರೆಯೊಳಗೆ ನಟನೀ ಚಬೂತರಾ ಅಂತ ಒಂದು ಕಟ್ಟೆಯಿದೆ. ದಡದಿಂದ ದಡಕ್ಕೆ ಹಗ್ಗದ ಮೇಲೆ ನಡೆದರೆ ಅರ್ಧ ರಾಜ್ಯ ಅಂತ ರಾಣಾ ದೊಂಬರ ಹೆಣ್ಣಿಗೆ ಮಾತು ಕೊಟ್ಟನಂತೆ. ಅವಳು ಇನ್ನೇನು ತಲುಪಿದಳು ಅನ್ನುವಾಗ ಹಗ್ಗ ಕತ್ತರಿಸಿದರಂತೆ. ಈ ಮನೆತನಕ್ಕೆ ಹೊಟ್ಟೆಯಲ್ಲಿ ಹುಟ್ಟಿದ ವಾರಸುದಾರ ಇರದಿರಲಿ ಅಂತ ಶಪಿಸಿ ಮುಳುಗಿದಳು ಅನ್ನುವುದು ಕಥೆ. ನಮ್ಮ ತಲಕಾಡಿನ ಶಾಪ ಕೇಳಿದವರಿಗೆ ಇದು ಹೊಸದೇನಲ್ಲ.

ನೃತ್ಯಕ್ಕೆ ಹೋಗುವುದಿದ್ದರೆ ಆರು ಗಂಟೆ ಹೊತ್ತಿಗೆ ಒಬ್ಬರು ಮುಂಚೆಯೇ ಸೇತುವೆ ದಾಟಿ ಬಂದು ಟಿಕೆಟಿನ ಸಾಲಿನಲ್ಲಿ ನಿಲ್ಲಿ, ಸೀಸನ್ನಿನಲ್ಲಿ ಬೇಗ ಮುಗಿಯುತ್ತದೆ. ತಲೆ ಮೇಲೆ ಒಂದರ ಮೇಲೊಂದು ಮಡಕೆ ಪೇರಿಸಿಕೊಂಡು ಕುಣಿಯುವ ಭವಾಯಿ ಕೊನೆಗೆ ಬರುತ್ತದೆ, ನಡುವೆ ಎದ್ದು ಬರಬೇಡಿ. ಎಂಟಕ್ಕೆ ಮುಗಿಯುತ್ತದೆ. ರಾತ್ರಿ ಊಟ ಹಗುರವಾಗಿರಲಿ. ಮರುದಿನವೂ ಉಳಿಯುವುದಾದರೆ ಬೆಟ್ಟದ ಮೇಲಿನ ಸಜ್ಜನಗಡ ಅರಮನೆಗೆ ಈಗಲೇ ಆಟೊ ಮಾತಾಡಿಕೊಳ್ಳಿ, ಅದು ನಡೆಯುವ ದೂರವಲ್ಲ.