502 ದೋಷ: ರಾತ್ರೋರಾತ್ರಿ ಬದಲಾದ ಪಿಎಚ್‌ಪಿ

ಬಸವನಗುಡಿಯ ಪರಿಚಿತರೊಬ್ಬರ ಪುಸ್ತಕದಂಗಡಿಯ ವೆಬ್‌ಸೈಟ್ ನೋಡಿಕೊಳ್ಳುವುದು ನಾನೇ. ಶನಿವಾರ ಬೆಳಿಗ್ಗೆ ಅವರ ಫೋನ್: "ಏನಮ್ಮಾ, ಸೈಟ್ ತೆರೀತಾನೇ ಇಲ್ವಲ್ಲ?" ನೋಡಿದರೆ 502 ಬ್ಯಾಡ್ ಗೇಟ್‌ವೇ, ಅಂದರೆ ವೆಬ್ ಸರ್ವರ್‌ಗೆ ಅದರ ಹಿಂದಿರುವ ಪ್ರೋಗ್ರಾಂನಿಂದ ಸರಿಯಾದ ಉತ್ತರ ಸಿಗುತ್ತಿಲ್ಲ.

ವೆಬ್ ಸರ್ವರ್ ಎಂಜಿನ್ಎಕ್ಸ್ (nginx) ಓಡುತ್ತಲೇ ಇತ್ತು. ಅದನ್ನೇ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ ಅರ್ಧ ಗಂಟೆ ಕಳೆದೆ. ಮೊದಲು ಎರರ್ ಲಾಗ್ ನೋಡಬೇಕಿತ್ತು. ಸೈಟ್ ಬರೆದಿರುವ ಭಾಷೆ ಪಿಎಚ್‌ಪಿ; ಎಂಜಿನ್ಎಕ್ಸ್ ಅದರ 7.4 ಆವೃತ್ತಿಯನ್ನು ಸಂಪರ್ಕಿಸುವ ಸಾಕೆಟ್ ಫೈಲೇ ಇಲ್ಲ ಎಂದು ಅಲ್ಲಿ ಸ್ಪಷ್ಟವಾಗಿತ್ತು. ಹಿಂದಿನ ರಾತ್ರಿ ಸಹೋದ್ಯೋಗಿಯೊಬ್ಬರು ಸರ್ವರ್‌ನ ಆಪರೇಟಿಂಗ್ ಸಿಸ್ಟಂ ಉಬುಂಟು 20.04 ಅನ್ನು 22.04ಕ್ಕೆ ಏರಿಸಿದ್ದರು. ಅದರ ಜೊತೆ ಬರುವುದು ಪಿಎಚ್‌ಪಿ 8.1. ಸಾಕೆಟ್‌ನ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆ ಇರುತ್ತದೆ. ಎಂಜಿನ್ಎಕ್ಸ್ ಹಳೆಯ ಹೆಸರನ್ನೇ ಹುಡುಕುತ್ತಿತ್ತು.

ಎಂಜಿನ್ಎಕ್ಸ್ ಕಾನ್ಫಿಗ್‌ನಲ್ಲಿ ಸಾಕೆಟ್‌ನ ಹೆಸರಿರುವ ಫಾಸ್ಟ್‌ಸಿಜಿಐ ಪಾಸ್ ಸಾಲಿನಲ್ಲಿ 7.4 ತೆಗೆದು 8.1 ಹಾಕಿ, ಕಾನ್ಫಿಗ್ ಪರೀಕ್ಷಿಸಿ ರೀಲೋಡ್ ಮಾಡಿದೆ. 502 ಹೋಗಿ ಬರೀ ಬಿಳಿ ಪುಟ ಬಂತು. 8.1ಕ್ಕೆ ಬೇಕಾದ ಮೈಎಸ್‌ಕ್ಯೂಎಲ್ (ಡೇಟಾಬೇಸ್‌ಗೆ), ಎಂಬಿಸ್ಟ್ರಿಂಗ್ (ಕನ್ನಡದಂಥ ಲಿಪಿಗಳ ಪಠ್ಯಕ್ಕೆ) ಎಕ್ಸ್‌ಟೆನ್ಷನ್‌ಗಳು ಇರಲಿಲ್ಲ, ಹಾಕಿದೆ. ಆದರೂ ಪುಸ್ತಕಪಟ್ಟಿ ಕಾಣಲಿಲ್ಲ. ಹಳೆಯ ಕೋಡ್‌ನಲ್ಲಿ ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಕೊಡುವ ಈಚ್ ಫಂಕ್ಷನ್ ಇತ್ತು. 7.2ರಿಂದಲೇ ಎಚ್ಚರಿಕೆ ಕೊಡುತ್ತಿದ್ದ ಅದನ್ನು 8.0ರಲ್ಲಿ ತೆಗೆದೇ ಹಾಕಿದ್ದಾರೆ. ಹನ್ನೊಂದು ಕಡೆ ಅದರ ಬದಲು ಫೋರೀಚ್ ಬರೆದೆ.

7.4ಕ್ಕೇ ವಾಪಸ್ ಹೋಗಬಹುದಿತ್ತು. ಆದರೆ 2022ರ ನವೆಂಬರ್‌ನಲ್ಲೇ ಅದಕ್ಕೆ ಪಿಎಚ್‌ಪಿ ತಂಡದ ಬೆಂಬಲ ನಿಂತಿದೆ. ಓದುಗರ ವಿಳಾಸಗಳಿರುವ ಸೈಟನ್ನು ಅದರ ಮೇಲೆ ಬಿಡಲು ಮನಸ್ಸು ಒಪ್ಪಲಿಲ್ಲ. ಮಧ್ಯಾಹ್ನ ಮೂರಕ್ಕೆ ಮೊದಲ ಆರ್ಡರ್ ಬಂತು.