ನಳ ಸೋರುವ ಮೊದಲೇ ಮಿಸ್ತ್ರಿ ಗೊತ್ತಿರಲಿ: ಕಲಬುರಗಿಗೆ ಹೊಸದಾಗಿ ಬಂದವರಿಗೆ

ಮೈಸೂರು, ಶಿವಮೊಗ್ಗ ಕಡೆಯಿಂದ ಬ್ಯಾಂಕಿಗೋ, ಹೈಕೋರ್ಟ್ ಪೀಠಕ್ಕೋ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಬಂದವರು ಮೊದಲ ತಿಂಗಳು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಈ ಬಿಸಿಲನ್ನು ಹೇಗೆ ತಡೆದುಕೊಳ್ಳುತ್ತೀರಿ? ಪ್ಲಂಬರ್ ಎಲ್ಲಿ ಸಿಗುತ್ತಾನೆ? ಬಿಸಿಲಿಗೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ ಹನ್ನೊಂದು ವರ್ಷದಲ್ಲಿ ಪೆಟ್ಟು ತಿಂದು ಒಂದಿಷ್ಟು ಕಲಿತಿದ್ದೇನೆ. ರಾಜ್ಯ ಒಂದೇ, ಭಾಷೆಯೂ ಒಂದೇ. ಆದರೆ ಅಡುಗೆಮನೆಯ ನಲ್ಲಿ ಸೋರತೊಡಗಿದ ದಿನ ಪರದೇಶಕ್ಕೇ ಬಂದುಬಿಟ್ಟೆವೇನೋ ಅನ್ನಿಸುತ್ತದೆ.

ಮೊದಲು ಮಾತು. ನಲ್ಲಿ ಇಲ್ಲಿ ನಳ, ನೀರಿನ ಟ್ಯಾಂಕ್ ಟಾಕಿ. ಗಾರೆ ಕೆಲಸದವನು ಗೌಂಡಿ, ಚಪ್ಪಡಿ ಫರಸಿ, ಸ್ಪ್ಯಾನರ್ ಪಾನಾ, ಕೂಲಿ ಮಜೂರಿ. 1948ರ ತನಕ ನಿಜಾಮರ ಕೈಯಲ್ಲಿದ್ದ ಊರು. ಕೈಕೆಲಸದ ಮಾತಿನಲ್ಲಿ ಉರ್ದು ಈಗಲೂ ಬೆರೆತೇ ಇದೆ. ‘ಏನಪ್ಪಾ, ಬಾರಪ್ಪಾ’ ಎಂದು ನಮ್ಮ ಕಡೆಯ ಸಲಿಗೆಯಲ್ಲಿ ಕರೆಯಬೇಡಿ. ‘ಬರ್ರಿ ಮಿಸ್ತ್ರಿ’ ಅನ್ನಿ. ಆ ಒಂದು ‘ರಿ’ ಬಿಟ್ಟರೆ ಇಲ್ಲಿ ಅರ್ಧ ಕೆಲಸ ಕೆಟ್ಟಂತೆ.

ನಾನು ಬಂದ ವರ್ಷ ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ‘ನಾಳಿ ಮುಂಜಾನಿ ಬರ್ತೀನ್ರಿ ಸರ್.’ ರಜೆ ಹಾಕಿ ಕುಳಿತೆ, ಬರಲಿಲ್ಲ. ಮರುದಿನವೂ ಅದೇ ನಾಳಿ. ಮೂರು ನಾಳಿ ಕಳೆದು, ನಳದ ಕೆಳಗಿಟ್ಟ ಬಕೆಟ್ ತುಂಬಿಸಿ ಚೆಲ್ಲಿ ಸಾಕಾಗಿ, ಓಣಿಯ ತುದಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗೋಳು ತೋಡಿಕೊಂಡೆ. ಅಂಗಡಿಯ ಕಾಕಾ ನಕ್ಕರು. ‘ಬರೇ ಒಂದು ವಾಶರ್ ಸಲುವಾಗಿ ಯಾರು ಬರ್ತಾರ್ರಿ?’

ಅವರು ಬಿಡಿಸಿ ಹೇಳಿದ ಮೇಲೆ ನನ್ನ ಸಿಟ್ಟು ಇಳಿಯಿತು. ಹತ್ತು ನಿಮಿಷದ ಕೆಲಸಕ್ಕೆ ಮಿಸ್ತ್ರಿ ಚೀಲ ಹೇರಿಕೊಂಡು ಸೇಡಂ ರಸ್ತೆಯಿಂದ ಆಳಂದ ನಾಕಾಕ್ಕೆ ಬಂದರೆ ಅವನ ಒಪ್ಪತ್ತು ಹೋಯಿತು. ಹೊಸ ಕಟ್ಟಡದಲ್ಲಿ ನಿಂತರೆ ದಿನದ ಮಜೂರಿ ಖಾತ್ರಿ. ಕೈ ಚೆನ್ನಾಗಿರುವ ಎಷ್ಟೋ ಜನ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿಬಿಟ್ಟಿದ್ದಾರೆ. ಉಳಿದವರಲ್ಲೂ ಹೊಲ ಇರುವವರು ತೊಗರಿ ರಾಶಿಯ ಹೊತ್ತಿಗೆ ಊರಿಗೆ. ಅಂದರೆ ಆ ನಾಳಿ ಸುಳ್ಳಲ್ಲ. ‘ನಿಮ್ಮ ಕೆಲಸ ಸಣ್ಣದು’ ಎಂದು ಮುಖದ ಮೇಲೆ ಹೇಳಲಾರದ ಸಂಕೋಚ.

ಅಂದಿನಿಂದ ನಮ್ಮ ಫ್ರಿಜ್ ಬಾಗಿಲ ಮೇಲೆ ಒಂದು ಚೀಟಿ. ನಳ, ಸದ್ದು ಮಾಡುವ ಫ್ಯಾನು, ಬಚ್ಚಲ ಬಾಗಿಲಿನ ಚಿಲಕ, ಟಾಕಿಯ ಮುಚ್ಚಳ: ಮೂರ‍್ನಾಲ್ಕು ಕೂಡಿದ ಮೇಲೆಯೇ ಫೋನ್. ‘ಒಪ್ಪತ್ತಿನ ಕೆಲಸ ಅದ ರೀ, ಸಾಮಾನು ನಾನೇ ತಂದಿಟ್ಟೀನಿ’ ಅಂದರೆ ಬರುತ್ತಾರೆ. ಎಲ್ಲ ಕೆಲಸವನ್ನೂ ಒಬ್ಬರೇ ಮಾಡುವುದಿಲ್ಲ, ನಿಜ. ಆದರೆ ನಳದವರೇ ಫ್ಯಾನಿನವರನ್ನು ಜೊತೆಗೆ ಕರೆತರುತ್ತಾರೆ. ಮಜೂರಿ ಮೊದಲೇ ಮಾತಾಡಿ, ಚಹಾ ಕೇಳದೆಯೇ ಕೊಡಿ. ಮತ್ತೆ ಫೋನಿಗಿಂತ ಅಂಗಡಿಯ ಕಾಕಾನ ಮಾತು ಗಟ್ಟಿ. ಅವರು ಕಳಿಸಿದ ಮಿಸ್ತ್ರಿ ಕೈಕೊಡುವುದು ಕಡಿಮೆ, ಏಕೆಂದರೆ ಅವನ ನಾಳೆಯ ಗಿರಾಕಿಯೂ ಅಲ್ಲಿಂದಲೇ ಬರಬೇಕು.

ಸಾಮಾನು ತರುವಾಗ ಬಾಯಲ್ಲಿ ಅಳತೆ ಹೇಳಬೇಡಿ, ಹಳೆಯದನ್ನೇ ಬಿಚ್ಚಿ ಒಯ್ಯಿರಿ. ನಮ್ಮ ನಳ ಬಿಚ್ಚಿದಾಗ ಒಳಗೆಲ್ಲ ಸುಣ್ಣ ಬಳಿದಂತೆ ಬಿಳಿ ಪದರ, ವಾಶರಿನ ಅಂಚು ಇಲಿ ಕಡಿದ ಹಾಗೆ. ಬೋರಿನ ಗಡಸು ನೀರಿನ ಕೆಲಸ ಅದು. ಅಂಥ ನೀರಿರುವ ಮನೆಯಲ್ಲಿ ವಾಶರ್ ಬೇಗ ಹೋಗುತ್ತದೆ. ಎರಡು ಹೆಚ್ಚಿಗೆ ತಂದಿಡಿ.

ಹಳೆಯ ಮನೆ ಬಾಡಿಗೆಗೆ ಹಿಡಿದವರಿಗೆ ಇನ್ನೊಂದು ಮಾತು. ನೆಲ, ಕಪಾಟಿನ ಹಲಗೆ ಎಲ್ಲ ಶಹಾಬಾದ್ ಫರಸಿ. ಸುಣ್ಣದ ಕಲ್ಲು, ಪದರ ಪದರವಾಗಿರುತ್ತದೆ. ನಾನೇ ಜಾಣ ಎಂದುಕೊಂಡು ಕಪಾಟಿನ ಫರಸಿಗೆ ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದೆ; ಮೂಲೆ ಹಪ್ಪಳದಂತೆ ಎದ್ದು ಬಂತು. ಮಾಲೀಕರು ಏನೂ ಅನ್ನಲಿಲ್ಲ, ಬರಿದೆ ನೋಡಿದರು. ಡ್ರಿಲ್ ಇರುವವರನ್ನು ಕರೆಯಿರಿ, ಕುಟ್ಟದೆ ನಿಧಾನಕ್ಕೆ ಕೊರೆಯಲು ಹೇಳಿ.

ಕೂಲರ್ ವಿಷಯದಲ್ಲಂತೂ ಉದಾಸೀನ ಬೇಡ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದ ಮೇಲೆ ಇಡೀ ಊರಿಗೆ ಒಮ್ಮೆಲೇ ಕೂಲರ್ ನೆನಪಾಗುತ್ತದೆ. ಹೋಳಿಯ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ. ಆ ದಿನಗಳಲ್ಲಿ ಯಾರನ್ನೂ ಕಾಯಬೇಡಿ. ಬಂದೇ ನವಾಜರ ಉರುಸು, ರಂಜಾನ್ ಹಬ್ಬದಲ್ಲೂ ಹಾಗೆಯೇ. ಫೆಬ್ರುವರಿಯಲ್ಲೇ ಹುಲ್ಲಿನ ಪ್ಯಾಡ್ ಬದಲಿಸಿ, ಪಂಪಿಗೆ ಕಟ್ಟಿದ ಸುಣ್ಣ ತೆಗೆಸಿ. ತಗಡಿನ ಕೂಲರ್ ಆದರೆ ಕರೆಂಟಿನವರಿಂದ ಮನೆಯ ಅರ್ಥಿಂಗ್ ನೋಡಿಸದೆ ಹಚ್ಚಬೇಡಿ. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಒದ್ದೆ ನೆಲ, ಬರಿಗಾಲು, ತಗಡು: ಇಷ್ಟು ಸಾಕು ಜೀವಕ್ಕೆ ಕುತ್ತಾಗಲು.

ಇದೆಲ್ಲ ಆಗುವ ಮೊದಲು, ಮನೆಗೆ ಕಾಲಿಟ್ಟ ದಿನವೇ, ಟಾಕಿಯಿಂದ ಬರುವ ನೀರು ನಿಲ್ಲಿಸುವ ವಾಲ್ ಎಲ್ಲಿದೆ ಎಂದು ಮಾಲೀಕರನ್ನು ಕೇಳಿ. ಅದು ಗೊತ್ತಿದ್ದರೆ ಮಿಸ್ತ್ರಿಯ ನಾಳಿ ಬರುವ ತನಕ ತಡೆಯಬಹುದು. ನನಗೆ ಅದು ಸಿಕ್ಕಿದ್ದು ಐದನೆಯ ವರ್ಷ, ಮಾಳಿಗೆಯ ಮೂಲೆಯಲ್ಲಿ, ಹಳೆಯ ಕೂಲರಿನ ಹಿಂದೆ. ಎರಡೂ ಕೈ ಹಾಕಿದರೂ ತಿರುಗಲಿಲ್ಲ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕೆಳಗಿಳಿದು ಬಂದು ಚೀಟಿಯಲ್ಲಿ ಬರೆದೆ.